ಸಾಹೇಬರ ಹೊಟ್ಟೆ, ಟೈಲರಮ್ಮನ ಸುಳ್ಳು

"ಡಾಕ್ಟ್ರೇ... ಬೇಗ ಬನ್ನಿ! ನಮ್ಮ ಸಾಹೇಬ್ರಿಗೆ ಮಲಬದ್ಧತೆ!"

ಪ್ರಾಣಿಗಳ ಕ್ಲಿನಿಕ್ಕಿನ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಬಂದವಳು ಹೀಗೆ ಕೂಗಿದ್ದೇ ತಡ, ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡಿದ್ದ ಹೆಂಗಸೊಬ್ಬಳು ನಗು ತಡೆಯಲಾಗದೆ ಬೆಕ್ಕಿನ ಬೆನ್ನಿಗೇ ಮುಖ ಒತ್ತಿಕೊಂಡಳು.

ಒಳಗಿನಿಂದ ಡಾಕ್ಟ್ರು ಬಂದ. ವಯಸ್ಸು ಚಿಕ್ಕದು, ಮುಖದ ಗಾಂಭೀರ್ಯ ಮಾತ್ರ ದೊಡ್ಡದು.

"ಸಾಹೇಬ್ರನ್ನ ನೋಡೋ ಆಸ್ಪತ್ರೆ ಮುಂದಿನ ಬೀದೀಲಿದೆ. ಇಲ್ಲಿ ಪ್ರಾಣಿಗಳಿಗೆ ಮಾತ್ರ."

"ಅಯ್ಯೋ, ಇವರೂ ಪ್ರಾಣೀನೇ!"

ಅವಳು ಪಂಜರದ ಮೇಲಿನ ಟವೆಲ್ ಸರಿಸಿದಳು. ಕಡ್ಡಿಯೊಂದನ್ನು ಅಪ್ಪಿಕೊಂಡು ಊಸರವಳ್ಳಿಯೊಂದು ಕೂತಿತ್ತು. ಒಂದು ಕಣ್ಣು ಡಾಕ್ಟ್ರ ಮೇಲೆ, ಇನ್ನೊಂದು ಕಣ್ಣು ಬೆಕ್ಕಿನ ಮೇಲೆ. ಒಂದೊಂದು ಹೆಜ್ಜೆಯನ್ನೂ ಅಳೆದು ಇಡುತ್ತ, ಮನೆಯಲ್ಲಿ ಎಲ್ಲರ ಮೇಲೂ ಕಣ್ಣಿಡುತ್ತ ಇರುವುದರಿಂದಲೇ ಅದಕ್ಕೆ ಸಾಹೇಬ ಎಂಬ ಬಿರುದು. ಹುಚ್ಚಿಗೆ ಕೊಂಡುತಂದವನು ಅವಳ ಅಣ್ಣ. ಆ ಹುಚ್ಚು ಇಳಿದ ಮೇಲೆ ಸಾಕಿದವಳು ಅವಳು.

"ಎಷ್ಟು ದಿನ ಆಯ್ತು?"

"ವಾರದ ಮೇಲಾಯ್ತು! ತಿನ್ನೋದನ್ನೂ ಬಿಟ್ಟಿದೆ. ಡಾಕ್ಟ್ರೇ, ಇದಕ್ಕೇನಾದ್ರೂ ಆದ್ರೆ ನಾನು..." ಅವಳು ಟವೆಲಿನಿಂದಲೇ ಕಣ್ಣೊರೆಸಿಕೊಂಡಳು.

ಡಾಕ್ಟ್ರು ಸಾಹೇಬನನ್ನು ಹಿಡಿಯಲಿಲ್ಲ. ಕೈಯನ್ನು ಕಡ್ಡಿಯ ಪಕ್ಕ ಚಾಚಿ, ಅದೇ ಹತ್ತಲಿ ಎಂದು ಸುಮ್ಮನೆ ಕಾದ. ಸಾಹೇಬ ಯೋಚಿಸಿ, ಹಿಂಜರಿದು, ಕೊನೆಗೆ ಆ ಅಂಗೈಗೆ ಹತ್ತಿದ.

'ಎಷ್ಟು ತಾಳ್ಮೆ ಈ ಮನುಷ್ಯನಿಗೆ...' ಅವಳ ಅಳು ಅಲ್ಲೇ ನಿಂತಿತು. ಮನಸ್ಸು ಮಾತ್ರ ಅವನತ್ತ ಹೊರಟೇಬಿಟ್ಟಿತು, ಪಾಪ!

ಅವನು ಒಂದೇ ಬೆರಳಿನಿಂದ ಹೊಟ್ಟೆ ಸವರಿದ. "ಗಟ್ಟಿಯಾಗಿದೆ. ಕಣ್ಣೂ ಒಳಗೆ ಹೋಗಿದೆ ನೋಡಿ. ಇದಕ್ಕೆ ನೀರು ಸಾಲ್ತಿಲ್ಲ."

"ಹೊತ್ತು ಹೊತ್ತಿಗೆ ಎಲೆ ಮೇಲೆ ನೀರು ಚಿಮುಕಿಸ್ತೀನಲ್ಲ!"

"ಹಾಗಾದ್ರೆ ಆ ಎಲೆಗಳನ್ನೇ ನೋಡ್ಬೇಕು. ಸಂಜೆ ಮನೆಗೆ ಬರ್ಲಾ, ಟೈಲರಮ್ಮ?"

"ನಾನು ಟೈಲರ್ ಅಂತ ನಿಮಗೆ ಹೇಗೆ ಗೊತ್ತು?"

ಅವನು ಅವಳ ಕುತ್ತಿಗೆಯತ್ತ ಬೆರಳು ತೋರಿಸಿದ. ಅಳತೆ ಟೇಪು ಅಲ್ಲೇ ನೇತಾಡುತ್ತಿತ್ತು! ಅದರ ಸಮೇತ ಅವಳು ಬೀದಿಯುದ್ದ ಓಡಿ ಬಂದಿದ್ದಳು.

ಸಂಜೆ ಡಾಕ್ಟ್ರು ಬಂದ. ಮನೆಯ ಮುಂದಿನ ಕೋಣೆಯಲ್ಲೇ ಅವಳ ಅಂಗಡಿ. ಹೊಲಿಗೆ ಯಂತ್ರದ ಪಕ್ಕ, ಕಿಟಕಿಗೆ ಅಂಟಿಕೊಂಡಂತೆ ಸಾಹೇಬನ ದೊಡ್ಡ ಪಂಜರ. ಒಳಗೆ ಹಸಿರೋ ಹಸಿರು! ಬಳ್ಳಿಗಳು, ಅಗಲ ಎಲೆಗಳು, ಚಿಗುರು... ಡಾಕ್ಟ್ರು ಒಂದು ಎಲೆಯನ್ನು ಮುಟ್ಟಿ ನೋಡಿದ. ಇನ್ನೊಂದನ್ನು ಹಿಂಡಿದ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು.

"ಇದು... ಬಟ್ಟೆಯಾ?"

"ಹೂಂ! ಒಳ್ಳೇ ಹತ್ತಿ ಬಟ್ಟೆ. ಮಿಕ್ಕ ತುಂಡುಗಳಲ್ಲಿ ನಾನೇ ಹೊಲಿದೆ. ನಿಜವಾದ ಎಲೆ ಒಣಗಿಹೋಗತ್ತೆ, ಪ್ಲಾಸ್ಟಿಕ್ ಚುಚ್ಚತ್ತೆ ಅಂತ..." ಅವಳ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು.

ಡಾಕ್ಟ್ರಿಗೆ ನಗು ಬಂದುಬಿಟ್ಟಿತು. "ಟೈಲರಮ್ಮ, ಊಸರವಳ್ಳಿ ಬಟ್ಟಲಿನ ನೀರು ಕುಡಿಯೋದಿಲ್ಲ. ಎಲೆ ಮೇಲೆ ನಿಂತ ಹನಿ ನೆಕ್ಕತ್ತೆ. ನೀವು ಹಾಕಿದ ನೀರನ್ನೆಲ್ಲ ನಿಮ್ಮ ಎಲೇನೇ ಕುಡಿದುಬಿಟ್ಟಿದೆ!"

ಅವಳ ಮುಖ ಇಳಿದುಹೋಯಿತು.

'ಅಂದ್ರೆ... ನಾನೇ ನನ್ನ ಕೈಯಾರೆ ಇದಕ್ಕೆ ಹೀಗೆ ಮಾಡಿದ್ನಾ? ಅದಕ್ಕೆ ಇವರು ನಗ್ತಾರಲ್ಲ!'

"ನಗಿ, ನಗಿ. ದಡ್ಡಿ ನಾನು," ಎಂದವಳೇ ಎಲೆಗಳನ್ನು ಪರಪರ ಕಿತ್ತಳು.

ಅವನ ನಗು ತಟ್ಟನೆ ನಿಂತಿತು. "ತಪ್ಪಾಯ್ತು... ನಗಬಾರದಿತ್ತು. ಊಸರವಳ್ಳಿಗೆ ಚುಚ್ಚಬಾರದು ಅಂತ ಕೂತು ಎಲೆ ಹೊಲಿದವರನ್ನ ನಾನು ಎಲ್ಲೂ ನೋಡಿಲ್ಲ. ಇಷ್ಟು ಪ್ರೀತಿ ಇದ್ರೆ ಇದು ಗುಣ ಆಗೇ ಆಗತ್ತೆ."

ಆ ಮಾತಿಗೆ ಸಿಟ್ಟು ಎಲ್ಲಿ ಉಳಿಯುತ್ತದೆ, ಹೇಳಿ!

ಅಂದಿನಿಂದ ಶುರುವಾಯಿತು ಚಿಕಿತ್ಸೆ. ಪಂಜರಕ್ಕೆ ಜೀವಂತ ಗಿಡದ ಕುಂಡಗಳು ಬಂದವು. ಎಲೆಗಳ ಮೇಲೆ ಮಂಜಿನಂತೆ ನೀರು, ಬಿಸಿಲು ಸಾಲದ ಮೂಲೆಗೆ ಬೆಚ್ಚನೆಯ ದೀಪ, ಗಟ್ಟಿ ಸಿಪ್ಪೆಯ ಹುಳುಗಳಿಗೆ ರಜೆ. ಪ್ರತಿ ಸಂಜೆ ಡಾಕ್ಟ್ರು ಬಂದು ಪಂಜರದ ಮುಂದೆ ಕೂರುತ್ತಿದ್ದ. ಪಕ್ಕದಲ್ಲಿ ಅವಳು. ಇಬ್ಬರ ಕಣ್ಣೂ ಪಂಜರದ ತಳದಲ್ಲಿ ಹಾಸಿದ ಪೇಪರಿನ ಮೇಲೆ!

ಯಾರು ಯಾರೋ ಪ್ರೇಮಿಗಳು ಚಂದ್ರ ಬರಲಿ ಎಂದು ಕಾಯುತ್ತಾರಂತೆ. ಇವರಿಬ್ಬರು ಕಾಯುತ್ತಿದ್ದುದು ಯಾವುದಕ್ಕೆ ಎಂದು ಹೇಳಲು ನನಗೇ ನಾಚಿಕೆ.

ಕಾಯುತ್ತ ಕಾಯುತ್ತ ಮಾತು ಬೆಳೆಯಿತು. ಆಮೆ ತನ್ನ ಬೆರಳು ಕಚ್ಚಿದ ಕತೆಯನ್ನು ಅವನು ಹೇಳಿದ. ಮದುವೆಗೆ ಒಂದು ದಿನ ಮೊದಲು ದಪ್ಪಗಾಗಿ ಬಂದ ಮದುಮಗನ ಕತೆಯನ್ನು ಅವಳು ಹೇಳಿದಳು. ಅವನು ಬಿದ್ದು ಬಿದ್ದು ನಕ್ಕ. ಒಳಗಿನಿಂದ ಅತ್ತಿಗೆ ಟೀ ತಂದಿಡುತ್ತ, ನಾದಿನಿಯ ಮುಖವನ್ನೊಮ್ಮೆ, ಡಾಕ್ಟ್ರ ಮುಖವನ್ನೊಮ್ಮೆ ನೋಡಿ ಮೀಸೆಯಿಲ್ಲದ ತುಟಿಯಲ್ಲೇ ನಗುತ್ತಿದ್ದಳು.

ಒಂದು ಬೆಳಿಗ್ಗೆ... ಆಯಿತು!

ಕಂದು ಬಣ್ಣದ್ದು, ತುದಿಗೆ ಬೆಳ್ಳಗೆ, ಡಾಕ್ಟ್ರು ಹೇಳಿದ್ದ ಲಕ್ಷಣದಂತೆಯೇ ಅಚ್ಚುಕಟ್ಟಾಗಿ!

"ಅತ್ತಿಗೇ! ಬನ್ನಿ, ಬನ್ನಿ! ಸಾಹೇಬ್ರು ಗೆದ್ರು!"

ಅತ್ತಿಗೆ ಸೌಟು ಹಿಡಿದೇ ಓಡಿಬಂದಳು. ಇಬ್ಬರೂ ಕೈ ಹಿಡಿದು ಕುಣಿದರು. ಆಮೇಲೆ ಅತ್ತಿಗೆ ಉಸಿರು ಬಿಟ್ಟು, "ಸದ್ಯ! ಇನ್ನು ಪಾಪ ಆ ಡಾಕ್ಟ್ರು ದಿನಾ ಬರೋದು ತಪ್ತು," ಎಂದಳು.

ಅವಳ ಕುಣಿತ ನಿಂತೇಹೋಯಿತು.

'ಬರೋದಿಲ್ವಾ? ಇವತ್ತಿಂದಲೇ?'

ಅವಳು ಪೇಪರನ್ನು ಸದ್ದಿಲ್ಲದೆ ಮಡಚಿದಳು. ಕಸದ ಬುಟ್ಟಿಗೆ ಹಾಕಿ, ಹೊಸ ಪೇಪರು ಹಾಸಿದಳು.

"ಲೇ ಕಳ್ಳೀ..." ಅತ್ತಿಗೆಯ ಕಣ್ಣು ಅರಳಿತು.

"ಅತ್ತಿಗೆ, ಒಂದೇ ಒಂದು ದಿನ... ನಿಮ್ಮ ದಮ್ಮಯ್ಯ!"

ಒಂದು ದಿನ ಎಂದದ್ದು ಎರಡಾಯಿತು. ಎರಡು ಇನ್ನೂ ಬೆಳೆಯಿತು. ಸಾಹೇಬನೋ, ಈಗ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುತ್ತಿದ್ದ. ಅವಳೂ ಹೊತ್ತಿಗೆ ಸರಿಯಾಗಿ ಪೇಪರು ಬದಲಿಸುತ್ತಿದ್ದಳು. ಸಂಜೆ ಡಾಕ್ಟ್ರು, "ಹೋಯ್ತಾ?" ಎನ್ನುವನು. ಅವಳು ನೆಲ ನೋಡುತ್ತ, "ಇಲ್ಲ," ಎನ್ನುವಳು.

ಆದರೆ ದಿನಕಳೆದಂತೆ ಅವನ ನಗು ಕಡಿಮೆಯಾಯಿತು. ಅವನು ಮುಟ್ಟದೆ ಟೀ ಆರಿಹೋಗತೊಡಗಿತು.

ಒಂದು ಸಂಜೆ ಅವನು ಸಾಹೇಬನ ಹೊಟ್ಟೆಯನ್ನು ಮತ್ತೆ ಮತ್ತೆ ಸವರಿ, ಕೈ ಹಿಂದಕ್ಕೆಳೆದುಕೊಂಡ.

"ಟೈಲರಮ್ಮ, ನನ್ನ ಕೈ ಹೇಳತ್ತೆ, ಹೊಟ್ಟೆ ಖಾಲಿ ಇದೆ ಅಂತ. ನೀವು ಹೇಳ್ತೀರಾ, ಹೋಗಿಲ್ಲ ಅಂತ. ನೀವ್ಯಾಕೆ ಸುಳ್ಳು ಹೇಳ್ತೀರಾ? ಅಂದ್ರೆ... ನನ್ನ ಕೈಗೇ ಏನೂ ಗೊತ್ತಾಗ್ತಿಲ್ಲ."

"ಹಾಗನ್ಬೇಡಿ..."

"ನಿನ್ನೆ ಒಬ್ರು ಆಮೆ ತಂದಿದ್ರು. ನೋಡೋಕೆ ಧೈರ್ಯ ಬರ್ಲಿಲ್ಲ. ಬೇರೆ ಕಡೆ ಕಳಿಸಿಬಿಟ್ಟೆ." ಅವನು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ. "ನಾಳೆ ಬೆಳಿಗ್ಗೆ ನಮ್ಮ ದೊಡ್ಡ ಡಾಕ್ಟ್ರಮ್ಮ ಬರ್ತಾರೆ. ಮತ್ತಿನ ಮದ್ದು ಕೊಟ್ಟು ಹೊಟ್ಟೆ ತೆರೆದು ನೋಡೋಣ ಅಂತ ಕೇಳ್ಕೊಂಡಿದ್ದೀನಿ. ಸಾಹೇಬ್ರನ್ನ ಕರ್ಕೊಂಡು ಬನ್ನಿ."

ಅವಳ ಕಣ್ಣು ತುಂಬಿ ಬಂತು.

"ಅಳಬೇಡಿ. ಇದನ್ನ ಉಳಿಸ್ತೀವಿ," ಎಂದು ಅವನೇ ಸಮಾಧಾನ ಹೇಳಿ ಹೊರಟ.

'ಅಯ್ಯೋ ಪಾಪಿ ನಾನು! ಅಷ್ಟು ಒಳ್ಳೇ ಕೈ ಮೇಲೆ ಅವರಿಗೇ ನಂಬಿಕೆ ಹೋಗೋ ಹಾಗೆ ಮಾಡಿದ್ನಲ್ಲ! ನಿಜ ಹೇಳಿದ್ರೆ ಇನ್ಯಾವತ್ತೂ ನನ್ನ ಮುಖ ನೋಡಲ್ಲ. ಹೇಳದಿದ್ರೆ...'

ಬೆಳಿಗ್ಗೆ ಅವಳು ಕ್ಲಿನಿಕ್ಕಿಗೆ ಹೋದಾಗ ಬೆಂಚು ಭರ್ತಿಯಾಗಿತ್ತು. ದೊಡ್ಡ ಡಾಕ್ಟ್ರಮ್ಮ ಕನ್ನಡಕ ಮೂಗಿನ ತುದಿಗಿಳಿಸಿ ಗದರುತ್ತಿದ್ದರು.

"ಇಷ್ಟು ದಿನ ಸುಮ್ನೆ ನೋಡ್ತಾ ಕೂತಿದ್ದೀಯಲ್ಲಪ್ಪ! ಊಸರವಳ್ಳಿ ನೋಡೋಕೆ ಬರಲ್ಲ ಅಂದ್ರೆ ಬರಲ್ಲ ಅನ್ನಬೇಕು."

ಅವನು ತಲೆ ತಗ್ಗಿಸಿ, "ಹೌದು ಮೇಡಂ, ನನ್ನ ಕೈಲಿ ಆಗಲಿಲ್ಲ," ಎಂದ.

ಅವಳಿಗೆ ತಡೆಯಲಾಗಲಿಲ್ಲ. "ಸುಳ್ಳು! ಅವರಿಗೆ ಚೆನ್ನಾಗಿ ಬರತ್ತೆ! ಅವರ ಔಷಧಿಗೆ ಸಾಹೇಬ್ರು ಎಂದೋ ಹುಷಾರಾದ್ರು. ದಿನಾ ಹೋಗತ್ತೆ! ಇವತ್ತು ಬೆಳಿಗ್ಗೇನೂ ಹೋಯ್ತು! ನಾನೇ ಪೇಪರ್ ಬದಲಾಯಿಸಿ ಸುಳ್ಳು ಹೇಳ್ದೆ."

ಕ್ಲಿನಿಕ್ಕಿನಲ್ಲಿ ನಾಯಿಗಳೂ ಕಿವಿ ನಿಮಿರಿಸಿದವು.

"ಯಾಕಮ್ಮ ತಾಯಿ?" ದೊಡ್ಡ ಡಾಕ್ಟ್ರಮ್ಮ ಬೆರಗಾಗಿ ಕೇಳಿದರು.

"ಹೋಯ್ತು ಅಂದ್ರೆ... ಇವರು ಬರೋದಿಲ್ವಲ್ಲ!"

ಬೆಂಚಿನವರೆಲ್ಲ ಗೊಳ್ಳೆಂದು ನಕ್ಕರು. ಅವನೊಬ್ಬನೇ ನಗಲಿಲ್ಲ. ಮುಖ ಕೆಂಪಗಾಗಿ, ಹಿಂದಿನ ಬಾಗಿಲಿನಿಂದ ಹೊರಟುಹೋದ.

'ಮುಗೀತು...' ಅವಳು ಆ ಬಾಗಿಲನ್ನೇ ನೋಡುತ್ತ ನಿಂತಳು.

"ನಿಂತ್ಕೊಂಡು ಏನು ನೋಡ್ತೀಯಾ? ಹೋಗು!" ದೊಡ್ಡ ಡಾಕ್ಟ್ರಮ್ಮ ಪಂಜರವನ್ನು ಅವಳ ಕೈಯಿಂದ ತೆಗೆದುಕೊಂಡರು. "ಇವರನ್ನ ನಾನು ನೋಡ್ಕೋತೀನಿ."

ಹಿತ್ತಲಿನಲ್ಲಿ, ನೀರಿನ ತೊಟ್ಟಿಯ ಪಕ್ಕ ಅವನು ಬೆನ್ನು ತಿರುಗಿಸಿ ನಿಂತಿದ್ದ.

"ಕ್ಷಮಿಸಿ..."

"ನಿದ್ದೆ ಮಾಡಿಲ್ಲ ನಾನು! ಈ ಕೆಲಸಾನೇ ಬಿಟ್ಟುಬಿಡೋಣ ಅಂತ ಯೋಚಿಸ್ದೆ. ಗೊತ್ತಾ ನಿಮಗೆ?"

"ಗೊತ್ತು. ಅದಕ್ಕೇ ಎಲ್ಲರ ಮುಂದೆ ಹೇಳ್ದೆ. ಮಾನ ಹೋಗೋದಾದ್ರೆ ನಂದೇ ಹೋಗ್ಲಿ." ಅವಳ ಕೆನ್ನೆ ಒದ್ದೆಯಾಗಿತ್ತು. "ನಿಮ್ಮ ಕೈ ಸರಿಯಾಗೇ ಇದೆ ಡಾಕ್ಟ್ರೇ. ಅದನ್ನ ಮಾತ್ರ ನಂಬಿ. ನನ್ನ ನಂಬದೇ ಇದ್ರೂ ಪರವಾಗಿಲ್ಲ. ಇಷ್ಟೇ ಹೇಳೋಣ ಅಂತ ಬಂದೆ... ಹೋಗ್ತೀನಿ."

ಅವಳು ತಿರುಗಿದಳು.

"ನಿಂತ್ಕೊಳ್ಳಿ."

ನಿಂತಳು.

"ನನ್ನ ಕೈ ಹೇಳಿದ್ದನ್ನ ಬಿಟ್ಟು, ನಿಮ್ಮ ಮಾತನ್ನೇ ಯಾಕೆ ನಂಬಿದೆ ಅಂತ ಕೇಳಲ್ವಾ?"

ಅವಳು ನಿಧಾನವಾಗಿ ಅವನತ್ತ ನೋಡಿದಳು. ಅವನ ಕಿವಿ ಕೆಂಪಗಾಗಿತ್ತು. ಸಿಟ್ಟಿನಿಂದ ಅಲ್ಲ ಎಂದು ಅವಳಿಗೆ ಈಗ ತಿಳಿಯಿತು.

"ಹುಷಾರಾಗಿದೆ ಅಂತ ಒಪ್ಕೊಂಡ್ರೆ... ನಾನೂ ಬರೋ ಹಾಗಿರ್ಲಿಲ್ವಲ್ಲ, ಟೈಲರಮ್ಮ."

ಅಯ್ಯೋ! ಅಳಬೇಕೋ ನಗಬೇಕೋ ತಿಳಿಯದೆ ಅವಳು ಎರಡನ್ನೂ ಒಟ್ಟಿಗೇ ಮಾಡಿದಳು.

"ಇನ್ಮೇಲೆ ಸುಳ್ಳು ಬೇಡ," ಎಂದ ಅವನು, ಹತ್ತಿರ ಬಂದು. "ನಾನು ಬರ್ಬೇಕು ಅನ್ಸಿದ್ರೆ, ಬನ್ನಿ ಅಂತ ಹೇಳಿ. ಸಾಕು."

"ಸಂಜೆ ಬನ್ನಿ."

"ಯಾಕೆ? ಯಾರಿಗೆ ಹುಷಾರಿಲ್ಲ?"

"ಎಲ್ಲರೂ ಚೆನ್ನಾಗಿದ್ದೀವಿ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಸುಮ್ನೆ ಬನ್ನಿ."

"ಬರ್ತೀನಿ."