ಮರಳೆಂದು ಗುರುತಿಸಿದ ಕೆಸರು

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಚಿಪ್ಪು ಆಯುವವನ ಹೆಂಡತಿ ಠಾಣೆಗೆ ಬಂದಳು. ಹಿಂದಿನ ದಿನ ಸಮುದ್ರ ಇಳಿದಾಗ ತೆರೆದುಕೊಂಡ ಬಯಲಿಗೆ ಚಿಪ್ಪು ಆಯಲು ಹೋದ ಗಂಡ ಕೆಸರಿನಲ್ಲಿ ಹೂತು, ಉಬ್ಬರದ ನೀರು ಏರಿ ಸತ್ತಿದ್ದ. ಕುಡಿದು ದಾರಿ ತಪ್ಪಿದನೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು.

“ಅವರು ಕುಡೀತಿರ್ಲಿಲ್ಲ ಮೇಡಂ. ದಡದ ಬೋರ್ಡಲ್ಲಿರೋ ನಕ್ಷೆ ನೋಡ್ಕೊಂಡೇ ಹೋಗಿದ್ದು. ಮರಳು ಅಂತ ಹಳದಿ ಬಳಿದಿರೋ ಜಾಗದಲ್ಲೇ.”

ಇನ್‌ಸ್ಪೆಕ್ಟರ್ ಅವಳ ಮುಖವನ್ನೇ ದಿಟ್ಟಿಸಿದಳು. ಮನೆಯವರಿಂದಲೇ ಅನುಮಾನ ಶುರುಮಾಡುವುದು ಅವಳ ಅಭ್ಯಾಸ.

“ಮನೇಲಿ ಜಗಳ ಏನಾದ್ರೂ?”

“ದಿನಾ ಆಡ್ತಿದ್ವಿ. ಇನ್ನು ಯಾರ ಜೊತೆ ಆಡ್ಲಿ?”

ಎಫ್‌ಐಆರ್ ದಾಖಲಾಯಿತು. ಶವಪರೀಕ್ಷೆಯಲ್ಲಿ ಮದ್ಯದ ಸುಳಿವೇ ಇರಲಿಲ್ಲ. ಮಧ್ಯಾಹ್ನದ ಇಳಿತದಲ್ಲಿ ಸ್ಥಳ ಪಂಚನಾಮೆ. ಕಾನ್‌ಸ್ಟೆಬಲ್ ಹಲಗೆಯ ಮೇಲೆ ನಿಂತು ಚಿಪ್ಪುಗಳ ನಡುವೆ ಕೋಲು ಊರಿದ. ಅದು ಹಿಡಿಯವರೆಗೂ ಸದ್ದಿಲ್ಲದೆ ಇಳಿಯಿತು.

“ನಕ್ಷೆ ಮಾಡಿದೋರಿಗೆ ಇಲ್ಲೇ ಒಂದು ಕುರ್ಚಿ ಹಾಕಿ ಕೂರಿಸ್ಬೇಕು ಮೇಡಂ.”

ನಕ್ಷೆ ಕಚೇರಿಯ ಅಧಿಕಾರಿ ಕಂಪ್ಯೂಟರ್ ಪರದೆಯನ್ನು ಇನ್‌ಸ್ಪೆಕ್ಟರ್ ಕಡೆಗೆ ತಿರುಗಿಸಿದ. “ಉಪಗ್ರಹದ ರೇಡಾರ್ ಚಿತ್ರ. ನುಣುಪಾದ ಕೆಸರು ಕಪ್ಪಗೆ ಕಾಣುತ್ತೆ. ಒರಟಾದ ಮರಳು ರೇಡಾರ್ ಅಲೆನ ವಾಪಸ್ ಕಳಿಸುತ್ತೆ, ಅದಕ್ಕೇ ಬೆಳ್ಳಗಿರುತ್ತೆ.”

“ಅವನು ಸತ್ತ ಜಾಗ ಬೆಳ್ಳಗಿದೆ.”

ಅಧಿಕಾರಿ ಚಿತ್ರವನ್ನು ದೊಡ್ಡದು ಮಾಡಿದ. “ಕೆಸರಿನ ಮೇಲೆ ಚಿಪ್ಪು ಕವಿದಿದ್ರೂ ಬೆಳ್ಳಗೇ ಕಾಣುತ್ತೆ.”

“ಮತ್ತೆ ಗೊತ್ತಾಗೋದು ಹೇಗೆ?”

“ನಮ್ಮ ಸರ್ವೇಯರ್ ನಡ್ಕೊಂಡು ಹೋಗಿ ಮಣ್ಣು ತರ್ತಾರೆ. ಅವರು ತಂದಿದ್ದು ಮರಳು.”

ಉತ್ತರ ಬಾಯಿಪಾಠ ಮಾಡಿದಂತಿತ್ತು. ಅವನನ್ನೂ ನಂಬದೆ ಅವಳು ಮಣ್ಣಿನ ಚೀಲಗಳನ್ನು ತರಿಸಿ, ಬಿಳಿ ಹಾಳೆಯ ಮೇಲೆ ಒಂದೊಂದಾಗಿ ಸುರಿದಳು. ಚೀಟಿಗಳ ಪ್ರಕಾರ ಅವು ಬಯಲಿನ ಬೇರೆ ಬೇರೆ ಮೂಲೆಯ ಮಣ್ಣು. ಆದರೆ ಎಲ್ಲದರಲ್ಲೂ ನೀಲಿ ಬಣ್ಣದ ಸಣ್ಣ ಚಕ್ಕೆಗಳಿದ್ದವು. ಅವಳು ಕಿಟಕಿಯಾಚೆ ನೋಡಿದಳು. ಕಚೇರಿಯ ಹಿಂದಿನ ದಡದಲ್ಲಿ ಯಾರೋ ದೋಣಿಯ ಹಳೇ ನೀಲಿ ಬಣ್ಣ ಕೆರೆಯುತ್ತಿದ್ದರು.

ಸರ್ವೇಯರನನ್ನು ಕರೆಸಿದಳು.

“ಬಯಲಿಗೆ ಹೋಗಿದ್ರಾ?”

“ಹೋಗಿದ್ದೆ ಮೇಡಂ.”

ಕಾನ್‌ಸ್ಟೆಬಲ್ ಅವನ ಕಪಾಟಿನಿಂದ ರಬ್ಬರ್ ಬೂಟು ತಂದಿಟ್ಟ. ಒಳಗೆ ತುರುಕಿದ್ದ ಅಂಗಡಿಯ ಕಾಗದ ಹಾಗೇ ಇತ್ತು.

“ಬರಿಗಾಲಲ್ಲಿ ಹೋಗಿದ್ದೆ.”

“ಬನ್ನಿ, ತೋರಿಸಿ.”

ದಡದ ಕೊನೆಯ ಮೆಟ್ಟಿಲಿನವರೆಗೆ ಬಂದ. ಒಂದು ಕಾಲು ಎತ್ತಿದ. ಅದು ಕೆಳಗೆ ಇಳಿಯಲೇ ಇಲ್ಲ. ಅದನ್ನು ಹಿಂದಕ್ಕೆಳೆದುಕೊಂಡು ಅಲ್ಲೇ ಕೂತ.

“ನನ್ನ ಕೈಲಾಗಲ್ಲ ಮೇಡಂ.”

ಸುಳ್ಳು ವರದಿ, ನಿರ್ಲಕ್ಷ್ಯದಿಂದ ಸಾವು ಎಂಬ ಆರೋಪದ ಮೇಲೆ ಸಂಜೆ ಬಂಧನವಾಯಿತು. ಹಿಂದಿನ ವರ್ಷ ಇದೇ ಬಯಲಿನಲ್ಲಿ ಅವನು ಸೊಂಟದವರೆಗೆ ಹೂತಿದ್ದನಂತೆ. ಆಮೇಲೆ ಕಾಲಿಡಲಾಗಲಿಲ್ಲ. ಹೆದರಿಕೆ ಎಂದರೆ ಕಚೇರಿಯವರು ನಗುತ್ತಾರೆಂದು ದಡದ ಮರಳನ್ನೇ ಚೀಲಕ್ಕೆ ತುಂಬುತ್ತ ಬಂದಿದ್ದ.

“ಅವತ್ತು ನಿಮ್ಮನ್ನ ಮೇಲಕ್ಕೆ ಎಳೆದಿದ್ದು ಯಾರು?”

ಅವನು ಮೇಜಿನ ಮೇಲಿದ್ದ ಸತ್ತವನ ಫೋಟೋ ಮೇಲೆ ಬೆರಳಿಟ್ಟ. “ಅವರೇ.”

ಸತ್ತವನ ಹೆಂಡತಿಗೆ ಇದನ್ನು ಹೇಗೆ ಹೇಳುವುದೆಂದು ಇನ್‌ಸ್ಪೆಕ್ಟರ್ ಮಾತು ಹುಡುಕುತ್ತಿದ್ದಳು. ಆದರೆ ಆ ಹೆಂಡತಿಗೆ ಮೊದಲೇ ಗೊತ್ತಿತ್ತು.

“ಅವತ್ತೇ ಬಂದು ಹೇಳಿದ್ರು. ಯಾರ ಹತ್ರಾನೂ ಬಾಯಿ ಬಿಡ್ಬೇಡ, ಪಾಪ, ಸರ್ವೇಯರ್ ನಾಚ್ಕೋತಾರೆ ಅಂದ್ರು.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಕುಡಿದಿರ್ಲಿಲ್ಲ ಅಂತ ಬರೆದ್ರಾ ಮೇಡಂ?”

“ಬರೆದೆ.”

“ಒಂದ್ಸಲ ಜೋರಾಗಿ ಓದಿ. ಹೊರಗಡೆ ನಿಂತಿರೋರಿಗೂ ಕೇಳ್ಲಿ.”

ಇನ್‌ಸ್ಪೆಕ್ಟರ್ ಎದ್ದು ಬಾಗಿಲು ತೆರೆದು, ಓದಿದಳು.