ಈಜು ಮೇಷ್ಟ್ರ ಸೂಜಿಮದ್ದು

ಮರೆತ ಟವೆಲ್ ತರಲು ಅವಳು ವಾಪಸ್ ಬಂದಾಗ ಈಜುಕೊಳದ ಆಫೀಸಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಈಜು ಮೇಷ್ಟ್ರು ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ತಮಗೆ ತಾವೇ ಸೂಜಿ ಚುಚ್ಚಿಕೊಳ್ಳುತ್ತಿದ್ದರು.

ನೀರು ಕಂಡರೆ ನಡುಗುವ ತನ್ನನ್ನು ಒಮ್ಮೆಯೂ ಗದರದೆ ತೇಲಿಸಿದ ಮನುಷ್ಯನಿಗೆ ಇಂಥ ಚಟವೇ?

"ಛೇ! ನಿಮ್ಮನ್ನ ಏನೋ ಅಂದ್ಕೊಂಡಿದ್ದೆ!"

ಮೇಷ್ಟ್ರು ತಲೆಯೆತ್ತಿದರು. ಕಣ್ಣಂಚಲ್ಲಿ ತುಂಟ ನಗು. ಎದುರು ಬೀದಿಯಲ್ಲಿ ಅವಳ ಹೊಲಿಗೆ ಅಂಗಡಿ; ಅದಕ್ಕೇ ಅವರ ಬಾಯಲ್ಲಿ ಅವಳು ಟೈಲರಮ್ಮ. "ಟೈಲರಮ್ಮ, ಒಂದು ನಿಮಿಷ ತಡೀರಿ. ಸೂಜಿ ತೆಗೆದು ಆಮೇಲೆ ನಿಧಾನವಾಗಿ ಬೈಸ್ಕೋತೀನಿ."

ಹತ್ತಿ ಒತ್ತಿ ಹಿಡಿದೇ ಹೇಳಿದರು. ಹಿಮೋಫಿಲಿಯಾ, ಹುಟ್ಟಿನಿಂದ. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಅವರ ಮೈಯಲ್ಲಿ ತಯಾರಾಗುವುದಿಲ್ಲ. ಹೊರಗಿನಿಂದ ತುಂಬಿಕೊಳ್ಳದಿದ್ದರೆ ಕೀಲಿನೊಳಗೇ ರಕ್ತ ಸೋರುತ್ತದೆ. ಪೆಟ್ಟು ಬೀಳದ ಆಟ ಅಂತ ಡಾಕ್ಟರೇ ಈಜಿಗೆ ಹಚ್ಚಿದ್ದರಂತೆ.

"ಸೋದರಮಾವನಿಗೂ ಇತ್ತು. ಹಾಲುಹಲ್ಲು ಬಿದ್ದಾಗ ರಕ್ತ ನಿಲ್ಲಲೇ ಇಲ್ಲ. ಅವರನ್ನ ಫೋಟೋದಲ್ಲಷ್ಟೇ ನೋಡಿದ್ದೀನಿ. ನನಗೆ ಈ ಔಷಧಿ ಸಿಕ್ತು. ಯಾರ್ಯಾರೋ ಕೊಟ್ಟ ರಕ್ತದಿಂದ ಮಾಡಿದ್ದು. ಚುಚ್ಚಿಕೊಂಡಾಗಲೆಲ್ಲ ಆ ರಕ್ತ ಕೊಟ್ಟವರಿಗೆ ಮನಸ್ಸಲ್ಲೇ ಕೈ ಮುಗೀತೀನಿ."

ಅವಳು ಟವೆಲ್ ಇಲ್ಲದೆಯೇ ಮನೆಗೆ ಹೋದಳು.

ಆಮೇಲೆ ಪಾಠ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ. ಆದರೆ ಅವಳು ತುಸು ಹತ್ತಿರ ಕೂತರೆ ಸಾಕು, ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಏನೋ ಕೆಲಸ ನೆನಪಾಗುತ್ತಿತ್ತು.

ಒಂದು ಬೆಳಿಗ್ಗೆ ಅವರ ಬಲ ಮೊಣಕೈ ಊದಿ ಕಲ್ಲಾಗಿತ್ತು. ಎಡಗೈಗೆ ಚುಚ್ಚಲು ಬಲಗೈಯೇ ಬೇಕು, ಇಂಥ ಹೊತ್ತಲ್ಲಿ ಚುಚ್ಚಿಕೊಡುವ ಅವರ ಅಮ್ಮ ಊರಲ್ಲಿಲ್ಲ. ಅಂಗಡಿ ಮುಚ್ಚಿ ಅವಳೇ ಆಸ್ಪತ್ರೆಗೆ ಕರೆದೊಯ್ದಳು. ನರ್ಸ್ ಔಷಧಿ ಕೊಡುವುದನ್ನು ಕಣ್ಣು ಮಿಟುಕಿಸದೆ ನೋಡಿ, "ಸಿಸ್ಟರ್, ನನಗೂ ಕಲಿಸ್ತೀರಾ?" ಎಂದಳು.

"ನೀವು ಇವರಿಗೆ ಏನಾಗಬೇಕು?"

"ಅವರನ್ನೇ ಕೇಳಿ."

ಮೇಷ್ಟ್ರ ಕಿವಿ ಕೆಂಪೇರಿತು. ನರ್ಸ್ ನಗುತ್ತಾ ಆಚೆ ಹೋದ ಮೇಲೆ ಮೆಲ್ಲಗೆ ಬಾಯಿಬಿಟ್ಟರು. "ನನಗೆ ಮಗಳು ಹುಟ್ಟಿದ್ರೆ ಇದು ಅವಳ ರಕ್ತದಲ್ಲೂ ಇರುತ್ತೆ. ಅವಳ ಗಂಡುಮಕ್ಕಳಿಗೆ ಬರಬಹುದು. ಅದಕ್ಕೇ ದೂರ ಇದ್ದೆ."

"ಮೊಮ್ಮಕ್ಕಳವರೆಗೂ ಯೋಚನೆ ಮಾಡಿದ್ದೀರಿ. ಮದುವೆ ಆಗ್ತೀರಾ ಅಂತ ಮಾತ್ರ ಕೇಳಿಲ್ಲ!"

ನಗಲು ಹೋದವರ ಕಣ್ಣು ತುಂಬಿತು. "ಕೇಳಿದ್ರೆ?"

"ಹೂಂ ಅಂತೀನಿ. ಮಕ್ಕಳ ವಿಷಯ ಡಾಕ್ಟರ ಹತ್ರ ಕೂತು ಮಾತಾಡೋಣ. ಒಬ್ಬರೇ ಕೊರಗಬೇಡಿ."

ಅವಳು ಕಲಿತಳು. ಮದುವೆಯಾದ ಮೇಲೆ ಮೊದಲ ಸಲ ಮನೆಯಲ್ಲಿ ಸೂಜಿ ಹಿಡಿದಾಗ ಅತ್ತೆ ಉಸಿರು ಬಿಗಿಹಿಡಿದು ನಿಂತಿದ್ದರು. ಔಷಧಿ ಸಲೀಸಾಗಿ ಒಳಗಿಳಿಯಿತು. ಅತ್ತೆ ಸೊಸೆಯ ತಲೆ ಸವರಿದರು. "ಇವನನ್ನ ಬಿಟ್ಟು ಹೊರಗೆ ಹೋದ್ರೆ ಜೀವ ಇಲ್ಲೇ ಇರ್ತಿತ್ತು ಕಣಮ್ಮ. ಇವತ್ತು ಹಗುರಾಯ್ತು," ಎಂದು ಸೆರಗಲ್ಲಿ ಕಣ್ಣೊರೆಸುತ್ತಾ ಒಳಗೆ ಹೋದರು.

ಅವಳು ಹತ್ತಿ ಎತ್ತಿ ನೋಡಿದಳು. "ರಕ್ತ ನಿಂತಿದೆ."

"ಗೊತ್ತು," ಎಂದ ಅವನು, ಅವಳ ಬೆರಳುಗಳ ಮೇಲೆ ಕೈಯಿಟ್ಟು. "ಆದ್ರೂ ಬಿಡಬೇಡ."