ಫಿಯಾಟಿನ ಹೊಸ ಮೂತಿ

"ಕಾಕಾ, ತಲಿ ಬಗ್ಗಸ್ರಿ!"

ನಾನು ಕೂಗಿದ್ದೂ ಹಿಂದಿನ ಗ್ಲಾಸು ಪುಡಿಯಾಗಿದ್ದೂ ಒಂದೇ ಹೊತ್ತಿಗೆ.

ಕಲ್ಲು! ತೆಂಗಿನಕಾಯಿ ಗಾತ್ರದ್ದು. ಹಿಂದಿನ ಸೀಟಿನ ಮೇಲೆ ಬಂದು ಬಿತ್ತು.

ಬಾಜು ಕೂತಿದ್ದ ರಹಿಮಾನಸಾಬ ತಲೆ ಬಗ್ಗಿಸಲಿಲ್ಲ. ಅರವತ್ತು ದಾಟಿದ ಪೇಂಟರ್. ಒಂದು ಖಾಲಿ ಪೇಂಟ್ ಡಬ್ಬಿಯನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು ಕೂತಿದ್ದ.

"ಎಷ್ಟು ಮಂದಿ ಅದಾರ?"

"ಮೂರು. ಜೀಪ್ ಹೊಡ್ಯಾಕ ಹತ್ತಿದಾಂವ ಖುದ್ದ ಗೌಡ!"

"ಹೊಡಿಲಿ. ನೀ ಮುಂದ ನೋಡು."

ನವಲಗುಂದ ಇನ್ನೂ ನಾಲ್ಕು ಮೈಲಿ. ಟಾರ್ ರಸ್ತೆಗೆ ಅಡ್ಡ ಜೀಪ್ ನಿಲ್ಲಿಸಿಕೊಂಡು ನಮಗಾಗಿ ಕಾಯುತ್ತಿದ್ದರು. ಅದಕ್ಕೇ ಫಿಯಾಟನ್ನು ಹೊಲದ ಚಕ್ಕಡಿ ದಾರಿಗೆ ಇಳಿಸಿದ್ದೆ. ನಡು ಮಧ್ಯಾಹ್ನ. ಬೆಳಿಗ್ಗೆ ಒಂದು ಜೋರು ಮಳೆ ಹೊಡೆದು ಹೋಗಿತ್ತು. ಕೆಳಗೆ ಎರೆ ಮಣ್ಣು...

ತಪ್ಪು ಮಾಡಿದೆ ಅಂತ ಗೊತ್ತಾಗೋದಕ್ಕೆ ಎರಡು ನಿಮಿಷ ಸಾಕಾಯಿತು. ಆದರೆ ಆ ತಿಂಗಳು ನಾನು ಮಾಡಿದ ತಪ್ಪುಗಳಲ್ಲಿ ಅದೇ ಸಣ್ಣದು.

ಮೊದಲಿಂದ ಹೇಳ್ತೀನಿ, ಕೇಳ್ರಿ.

ನಾನು ತಿರಕಪ್ಪ. ಹನ್ನೊಂದು ವರ್ಷ ಪೊಲೀಸ್ ಕಾನ್‌ಸ್ಟೇಬಲ್ ಇದ್ದೆ. ನೌಕರಿ ಹೋದ ಮೇಲೆ ಮಂದಿಯ ಗೋಜಲು ಬಿಡಿಸಿಕೊಡೋದೇ ಉದ್ಯೋಗ. ಕಳುವಾದ ಎತ್ತು ಹುಡುಕೋದು, ಓಡಿಹೋದ ಅಳಿಯನನ್ನು ಹಿಡಿದು ತರೋದು. ಯಾರು ಕರೆದರೂ ಹೋಗುತ್ತಿದ್ದೆ. ಹೆಚ್ಚು ಪ್ರಶ್ನೆ ಕೇಳುತ್ತಿರಲಿಲ್ಲ.

ಎಪ್ಪತ್ತೆಂಟನೇ ಇಸವಿ, ಜೂನ್ ತಿಂಗಳು. ಅಣ್ಣಿಗೇರಿ ಸಂತೆ ಮುಗಿಸಿ ರಸ್ತೆ ಅಂಚಿಗೆ ನಡೆದು ಹೊರಟಿದ್ದ ರೇಣುಕವ್ವ ಅನ್ನೋ ಹೆಣ್ಣುಮಗಳಿಗೆ ಯಾವುದೋ ಗಾಡಿ ಹೊಡೆದು ಹೋಯಿತು. ಅಲ್ಲೇ ಸತ್ತಳು. ಇಪ್ಪತ್ತೆರಡು ವರ್ಷದಾಕೆ. ನೋಡಿದವರು ಯಾರೂ ಇಲ್ಲ.

ಮರುದಿನ ಕುಬೇರಪ್ಪಗೌಡ ಕರೆಸಿದ. ಅಣ್ಣಿಗೇರಿಯ ಹತ್ತಿ ಜಿನ್ನಿಂಗ್ ಮಿಲ್ಲಿನ ಮಾಲೀಕ. ಮೆಲ್ಲಗೆ ಮಾತಾಡುವ ಮನುಷ್ಯ.

"ತಿರಕಪ್ಪ, ಹೊಡದದ್ದು ಡ್ರೈವರ್ ಲಕ್ಕಪ್ಪನ ಲಾರಿ. ನನ್ನ ಆಳು ನೋಡ್ಯಾನ. ಆದ್ರ ಅಂವಗ ಪೊಲೀಸ್ರಂದ್ರ ಕೈಕಾಲು ನಡಗತಾವು. ನೀ ನೋಡಿದೆ ಅಂತ ಹೇಳಿಬಿಡು. ನಿನ್ನ ಮಾತು ನಂಬತಾರ."

"ನಿಮಗೇನ್ರಿ ಇದರಾಗ ಆಸಕ್ತಿ?"

"ಬಡವರ ಮನಿ ಹುಡುಗಿ. ನ್ಯಾಯ ಸಿಗಲಿ."

ಹೇಳಿದೆ. ನವಲಗುಂದದ ಸ್ಟೇಷನ್ನಿಗೆ ಹೋಗಿ, ಲಾರಿ ನೋಡಿದೆ ಅಂತ ಬರೆಸಿ ಸಹಿ ಮಾಡಿದೆ. ಲಕ್ಕಪ್ಪನನ್ನು ಅದೇ ಸಂಜೆ ಹಿಡಿದು ತಂದರು.

ಅಷ್ಟೇ ಆಗಿದ್ದರೆ...

ಹೊರಗೆ ಬರುವಾಗ ಪಡಸಾಲೆಯಲ್ಲಿ ಒಬ್ಬ ಮುದುಕಿ ನನ್ನ ಕೈ ಹಿಡಿದುಕೊಂಡಳು. ಸತ್ತವಳ ತಾಯಿ, ಮೈಲಾರವ್ವ.

"ನೀನರ ಇದ್ಯಲ್ಲಪಾ ಅಲ್ಲೆ... ಕಡೀಕ ನನ್ನ ಮಗಳು ಏನರ ಅಂದಳೇನು?"

ಗೊತ್ತಿಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

"ಅವ್ವಾ ಅಂದಳ್ರಿ."

ಮುದುಕಿ ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಕೈ ಒದ್ದೆಯಾಯಿತು. ದಾರಿಯುದ್ದಕ್ಕೂ ಅದನ್ನು ಅಂಗಿಗೆ ಒರೆಸಿಕೊಳ್ಳುತ್ತಲೇ ಹೋದೆ.

ಎರಡು ವಾರ ಬಿಟ್ಟು ಗೌಡನಿಂದ ಮತ್ತೆ ಕರೆ. ಈ ಸಲ ಅವನ ಬಿಳಿ ಫಿಯಾಟಿನ ಕೆಲಸ. ಮುಂಬೈಯಿಂದ ಎರಡು ದೊಡ್ಡ ಪಾರ್ಸಲ್ ಬಂದಿದ್ದವು. ಬಿಚ್ಚಿದರೆ ಒಳಗೆಲ್ಲ ಫೈಬರ್! ಬಂಪರ್ ಜಾಗಕ್ಕೆ ಕೂಡಿಸೋ ಹೊಸ ಮೂತಿ. ಗಾಲಿಗಳ ಮೇಲೆ ಉಬ್ಬಿ ಬರೋ ನಾಲ್ಕು ಕಮಾನು. ಎರಡೂ ಬಾಜುವಿಗೆ ಉದ್ದನೆಯ ಪಟ್ಟಿ. ಡಿಕ್ಕಿ ಮೇಲೆ ಒಂದು ರೆಕ್ಕೆ.

"ರೇಸ್ ಗಾಡಿ ಫ್ಯಾಷನ್ನು. ಕಲಘಟಗಿಗೆ ಒಯ್ಯಿ. ಇಲ್ಲೆ ಮಂದಿ ಕಣ್ಣು ಹಾಕತಾರ. ಬಣ್ಣಾನೂ ಬದಲು ಮಾಡಸು. ನೀಲಿ."

ಫಿಯಾಟಿನ ಮುಂದಿನ ಎಡ ಮೂಲೆಗೆ ತಾಡಪಾಲು ಕಟ್ಟಿತ್ತು.

"ಎತ್ತಿಗೆ ಬಡದೈತಿ. ತಗ್ಗು ತಗಿಯೋದೇನೂ ಬ್ಯಾಡ. ಮ್ಯಾಲ ಫೈಬರ್ ಬರತೈತಲ್ಲ!"

ನಂಬಿದೆನಾ? ನಂಬೋದು ಸಲೀಸಾಗಿತ್ತು, ನಂಬಿದೆ.

ಕಲಘಟಗಿಯಲ್ಲಿ ರಹಿಮಾನಸಾಬನ ತಗಡಿನ ಶೆಡ್ಡು. ಇಂಥ ಸಾಮಾನನ್ನು ಆತ ಹಿಂದೆ ನೋಡಿರಲಿಲ್ಲ. ಆದರೂ ಒಂದೊಂದು ತುಂಡನ್ನೂ ಗಾಡಿಗೆ ಹಿಡಿದು ನೋಡಿದ. ಎಲ್ಲಿ ಸಂದು ಬಿಡುತ್ತದೆ, ಎಲ್ಲಿ ಕೂಡುತ್ತದೆ ಅಂತ ಪೆನ್ಸಿಲ್ಲಿನಿಂದ ಗುರುತು ಹಾಕಿದ. ಬಿಗಿಯಾದಲ್ಲಿ ಉಜ್ಜಿದ. ಆಮೇಲೆ ಡ್ರಿಲ್ಲು, ರಿವೆಟ್ಟು. ಆತನ ಕೈ ಬಲು ನಿಧಾನ.

ಎರಡನೇ ದಿನ ಎಡ ಗಾಲಿಯ ಮೇಲಿನ ಕಮಾನು ಕೂಡಿಸಲು ಮಡ್‌ಗಾರ್ಡಿನ ಒಳಗೆ ಕೈ ಹಾಕಿದ. ಗಟ್ಟಿಯಾದ ಕೆಸರು ಕೆರೆದು ತೆಗೆದ. ಅದರಲ್ಲಿ ಏನೋ ಮಿಂಚಿತು.

ಹಸಿರು ಬಳೆ ಚೂರು. ಐದು. ಜೊತೆಗೆ ಅಂಗೈಯಷ್ಟು ಸೀರೆ ಅಂಚು...

"ಏನಿದು ತಿರಕಪ್ಪ?"

ನೋಡಿದ ಕೂಡಲೇ ಗೊತ್ತಾಯಿತು. ಬಾಯಿ ಮಾತ್ರ ತನ್ನ ಕೆಲಸ ಮಾಡಿತು.

"ಮ್ಯಾಕಿಗೆ ಬಡದಿತ್ತಂತ, ಕಾಕಾ."

ಎತ್ತು ಅಂತ ಹೇಳಬೇಕಿತ್ತು. ಸುಳ್ಳನ್ನೂ ಮರೆತಿದ್ದೆ!

"ಮ್ಯಾಕಿ ಬಳಿ ಇಟಗೋತಾವೇನು?"

ಪೋಸ್ಟ್ ಆಫೀಸಿಗೆ ಓಡಿದೆ. ಅಣ್ಣಿಗೇರಿಗೆ ಟ್ರಂಕ್ ಕಾಲ್ ಹಚ್ಚಿದೆ.

"ಗೌಡ್ರ... ಗಾಲಿ ಮ್ಯಾಲ ಬಳಿ ಚೂರು ಸಿಕ್ಕಾವು."

ಗೌಡನ ದನಿ ಆಗಲೂ ಮೆಲ್ಲಗೇ ಇತ್ತು.

"ಪುಟ್ಟಿ ಹಚ್ಚಿ ಮುಚ್ಚು. ಸಹಿ ಮಾಡಿದಾಂವ ನೀನು. ನಾ ಮುಳಗಿದ್ರ ಮೊದಲ ನೀ ಮುಳಗತಿ."

ಫೋನ್ ಕಟ್ಟಾಯಿತು.

ಆಗ ಏನು ಮಾಡಿದೆ ಗೊತ್ತೇನು? ಶೆಡ್ಡಿಗೆ ವಾಪಸ್ ಹೋಗಿ ಆ ಮುದುಕನಿಗೆ ಧಮಕಿ ಹಾಕಿದೆ.

"ಲೈಸೆನ್ಸ್ ಇಲ್ದ ಶೆಡ್ಡು. ನಾ ಒಂದು ಮಾತು ಹೇಳಿದ್ರ ನಾಳೆ ಬೀಗ ಬೀಳತೈತಿ. ಸುಮ್ಮ ಕೆಲಸ ಮಾಡ್ರಿ!"

ರಹಿಮಾನಸಾಬ ನನ್ನ ಮುಖ ನೋಡಿದ. ಬಳೆ ಚೂರು, ಸೀರೆ ಅಂಚು ಎರಡನ್ನೂ ಒಂದು ಖಾಲಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಕೆಲಸಕ್ಕೆ ಕೂತ.

ಮೂರು ದಿನ! ಸಂದುಗಳಿಗೆ ಪುಟ್ಟಿ. ನೀರು ಹಾಕಿ ಪೇಪರಿನಿಂದ ಉಜ್ಜೋದು. ಪ್ರೈಮರ್. ಮತ್ತೆ ಉಜ್ಜೋದು. ಆಮೇಲೆ ನೀಲಿ. ಒಂದೊಂದು ಕೋಟ್ ಮುಗಿದಾಗಲೂ ಸ್ಪ್ರೇ ಗನ್ ಕೆಳಗಿಟ್ಟು ಒಂದೇ ಮಾತು ಕೇಳುತ್ತಿದ್ದ.

"ಯಾರು ಆಕಿ?"

ನಾನು ಬೀಡಿ ಹಚ್ಚಿಕೊಂಡು ಹೊರಗೆ ಹೋಗುತ್ತಿದ್ದೆ. ಕಣ್ಣು ಮುಚ್ಚಿದರೆ ಮುದುಕಿ, ತೆರೆದರೆ ಆ ನೀಲಿ. ಊಟ ಸೇರುತ್ತಿರಲಿಲ್ಲ. ಥಿನ್ನರ್ ವಾಸನೆಗೆ ಅಂದುಕೊಂಡೆ.

ಮೂರನೇ ಕೋಟ್ ಒಣಗುತ್ತಿತ್ತು. ಚಂದ ಬಂದಿತ್ತು ಗಾಡಿ! ಯಾರ ಅಪ್ಪನಿಗೂ ಅದು ಹಳೆಯ ಬಿಳಿ ಫಿಯಾಟು ಅಂತ ಗೊತ್ತಾಗುತ್ತಿರಲಿಲ್ಲ.

"ಯಾರು ಆಕಿ, ತಿರಕಪ್ಪ?"

"ರೇಣುಕವ್ವ," ಅಂದೆ. "ಸಂತಿಯಿಂದ ನಡಕೊಂಡು ಹೊಂಟಿದ್ಲು. ಅವರವ್ವ ಅದಾಳ್ರಿ. ಬ್ಯಾರೆ ಯಾರೂ ಇಲ್ಲ. ಆಕೀಗೂ ಸುಳ್ಳು ಹೇಳೀನಿ. ಜೈಲಿನ್ಯಾಗ ಒಬ್ಬ ಡ್ರೈವರ್ ಅದಾನ. ಅಂವನ್ನ ಹಾಕಿಸಿದಾಂವ ನಾನು."

ರಹಿಮಾನಸಾಬ ಕೈ ಒರೆಸಿಕೊಂಡ. ಡಬ್ಬಿ ಎತ್ತಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂತ.

"ನಡಿ."

"ಇನ್ನೂ ಹಸಿ ಐತ್ರಿ ಬಣ್ಣ..."

"ಹಸಿ ಇದ್ದಾಗನ ನಡಿ."

ನಾವು ಹೊರಟಿದ್ದನ್ನು ಗೌಡನ ಆಳು ನೋಡಿದ. ಬಣ್ಣ ನೋಡಿಕೊಂಡು ಬಾ ಅಂತ ಗೌಡ ಕಳಿಸಿದ್ದನಂತೆ. ಅಲ್ಲಿಂದ ಅಣ್ಣಿಗೇರಿಗೆ ಫೋನು. ಸ್ಟೇಷನ್ನಿಗೇ ಹೊರಟಿದ್ದೇವೆ ಅಂತ ಗೌಡನಿಗೆ ಹೊಳೆಯಿತು. ನಾವು ಹುಬ್ಬಳ್ಳಿ ದಾಟಿ ನವಲಗುಂದದ ಕಡೆ ತಿರುಗುವ ಹೊತ್ತಿಗೆ ಜೀಪು ರಸ್ತೆಗೆ ಅಡ್ಡ ನಿಂತಿತ್ತು...

ಈಗ ಹೊಲದ ದಾರಿಗೆ ಬರೋಣ.

ಎರೆ ಮಣ್ಣು ಗಾಲಿಗೆ ಸುತ್ತಿಕೊಳ್ಳುತ್ತಾ ಬಂತು. ಸಾದಾ ಫಿಯಾಟು ಆಗಿದ್ದರೆ ಉದುರಿಸಿಕೊಂಡು ಹೋಗುತ್ತಿತ್ತೇನೋ. ಆ ಫೈಬರ್ ಕಮಾನುಗಳು! ಗಾಲಿಗೂ ಕಮಾನಿಗೂ ನಡುವೆ ಮಣ್ಣು ಗಿಚ್ಚಾಗಿ ತುಂಬಿತು. ಹೊಸ ಮೂತಿ ನೇಗಿಲಿನ ಹಾಗೆ ನೆಲ ಉಳುತ್ತಿತ್ತು. ಎಂಜಿನ್ ಒದರಿತು. ಗಾಲಿ ತಿರುಗಲಿಲ್ಲ.

ಗಾಡಿ ನಿಂತಿತು.

ಜೀಪೂ ಬಂದು ನಿಂತಿತು. ಗೌಡ ಇಳಿದ. ಹಿಂದೆ ಇಬ್ಬರು, ಕೈಯಲ್ಲಿ ಬಡಿಗೆ.

"ಇಳಿ ತಿರಕಪ್ಪ. ಗಾಡಿ ನಂದು."

"ಖರೆ ಗೌಡ್ರ. ಗಾಡಿ ನಿಮ್ಮದು. ಸುಳ್ಳು ನಂದು. ಅದನ್ನ ವಾಪಸ್ ತಗೊಳ್ಳಾಕ ಹೊಂಟೀನಿ."

"ತಲಿ ಕೆಟ್ಟೈತೇನಲೇ? ಆಕಿ ಹೆಂಗೂ ತಿರುಗಿ ಬರಂಗಿಲ್ಲ."

"ಲಕ್ಕಪ್ಪ ಬರತಾನ."

ಇಳಿದು ನಿಂತೆ. ಬಡಿಗೆ ಹೆಗಲ ಮೇಲೆ ಬಿತ್ತು. ಇನ್ನೊಂದು ಮೊಣಕಾಲಿಗೆ. ಕೆಸರಿಗೆ ಕುಸಿದೆ. ಬಾಯಲ್ಲಿ ರಕ್ತದ ರುಚಿ. ತಿರುಗಿಸಿ ಹೊಡೆಯಬಹುದಿತ್ತು... ಕೈ ಏಳಲಿಲ್ಲ. ಹೊಡೆತ ಬೀಳಲಿ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಫಟ್ ಅಂತ ಸದ್ದು!

ರಹಿಮಾನಸಾಬ ಡಿಕ್ಕಿಯಿಂದ ಗಾಲಿ ಬಿಚ್ಚೋ ರಾಡ್ ತೆಗೆದುಕೊಂಡಿದ್ದ. ತಾನೇ ಕೂಡಿಸಿದ ಫೈಬರನ್ನು ತಾನೇ ಮೀಟುತ್ತಿದ್ದ. ಫಟ್! ಫಟ್! ರಿವೆಟ್ಟು ಹಾರಿದವು. ಎಡ ಕಮಾನು ಕಿತ್ತು ಬಂತು. ಕೆಳಗೆ ಹಳೆಯ ಬಿಳಿ ಬಣ್ಣ, ಬುಟ್ಟಿಯಷ್ಟು ದೊಡ್ಡ ತಗ್ಗು.

ಬಾಜುವಿನ ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳು ಎದ್ದು ಬಂದರು. ಹದಿನೈದು ಇಪ್ಪತ್ತು ಮಂದಿ. ಕೈಯಲ್ಲಿ ಹರಿತ ಕುರ್ಪಿ.

"ಏನ್ರಿ ಯಜ್ಜಾ, ಯಾಕ ಹೊಡ್ಯಾಕ ಹತ್ಯಾರ?" ಒಬ್ಬಳು ಕೇಳಿದಳು.

ರಹಿಮಾನಸಾಬ ಡಬ್ಬಿಯ ಮುಚ್ಚಳ ತೆಗೆದು ಆಕೆಯ ಮುಂದೆ ಹಿಡಿದ.

"ಸಂತಿಯಿಂದ ಬರೋವಾಗ ಸತ್ತಳಲ್ಲ ತಂಗಿ, ಆ ಹುಡುಗೀದು. ಈ ಗಾಡಿಯೊಳಗ ಸಿಕ್ತು."

ಯಾರೂ ಕೂಗಾಡಲಿಲ್ಲ. ಸುಮ್ಮನೆ ಬಂದು ಗಾಡಿಯ ಸುತ್ತ ನಿಂತರು. ಬಡಿಗೆಯವರು ಗೌಡನ ಮುಖ ನೋಡಿದರು. ಗೌಡ ಆ ಕುರ್ಪಿಗಳನ್ನು ನೋಡಿದ. ಜೀಪ್ ಹತ್ತಿದ. ಮೂರನೇ ದಿನ ಹುಬ್ಬಳ್ಳಿಯ ಬೀಗರ ಮನೆಯಲ್ಲಿ ಪೊಲೀಸರಿಗೆ ಸಿಕ್ಕ.

ಎರಡು ಜೋಡಿ ಎತ್ತು ಕಟ್ಟಿ ಫಿಯಾಟನ್ನು ನವಲಗುಂದದ ಸ್ಟೇಷನ್ನಿಗೆ ಎಳೆಸಿದೆವು. ಫೌಜದಾರ ನನ್ನ ಹಳೆಯ ಹೇಳಿಕೆ ತೆಗೆದು ಮೇಜಿನ ಮೇಲೆ ಹಾಕಿದ.

"ಲಾರಿ ಅಂದಿದ್ದಿ."

"ಸುಳ್ಳು ಹೇಳಿದ್ದೆ, ಸಾಹೇಬ್ರ."

"ಇದಕ್ಕ ಶಿಕ್ಷಾ ಏನಂತ ಗೊತ್ತೈತಿ?"

"ಗೊತ್ತೈತ್ರಿ. ಬರಕೋರಿ."

ಸುದ್ದಿ ತಿಳಿದು ಮೈಲಾರವ್ವ ಬಂದಳು. ಗೌಡನ ಬಗ್ಗೆ ಏನೂ ಕೇಳಲಿಲ್ಲ. ನನ್ನ ಎದುರು ಕೂತಳು.

"ಹಂಗಾರ ನೀ ಅಲ್ಲೆ ಇದ್ದಿಲ್ಲ."

"ಇದ್ದಿಲ್ಲವ್ವ."

"ಆಕಿ ಅವ್ವಾ ಅಂದಿಲ್ಲ."

ಇಲ್ಲ ಅಂತ ತಲೆಯಾಡಿಸಿದೆ.

"ಆ ಒಂದು ಮಾತು ಹಿಡಕೊಂಡು ಇಷ್ಟು ದಿನಾ ಎರಡು ತುತ್ತು ಉಂಡೆ," ಅಂದಳು. ಎದ್ದು ಹೋದಳು.

ನನ್ನ ಹಳೆಯ ಎಸ್.ಪಿ. ಸಾಹೇಬರು ಒಮ್ಮೆ ಬೆಲ್ಟಿನಿಂದ ಬಾರಿಸಿದ್ದರು. ಇದರ ಮುಂದೆ ಅದು ಏನೂ ಅಲ್ಲ.

ಕಾಗದ ಪತ್ರ ಮುಗಿದು ಲಕ್ಕಪ್ಪನನ್ನು ಬಿಡಲಿಕ್ಕೆ ಮತ್ತೆ ನಾಲ್ಕು ದಿನ ಹಿಡಿಯಿತು. ಸಬ್ ಜೈಲಿನ ಬಾಗಿಲಲ್ಲಿ ಇಬ್ಬರೂ ಎದುರಾದೆವು. ಅವನು ಹೊರಗೆ ಬರುತ್ತಿದ್ದ. ನನ್ನನ್ನು ಒಳಗೆ ಕರೆದೊಯ್ಯುತ್ತಿದ್ದರು. ಮಳೆ ಹಿಡಿದು ಬಿಟ್ಟಿರಲಿಲ್ಲ. ಲಕ್ಕಪ್ಪನ ಗಡ್ಡ ಬೆಳೆದಿತ್ತು, ಅಂಗಿ ಜೋತಾಡುತ್ತಿತ್ತು. ಅವನ ಜಾಗಕ್ಕೆ ಲಾರಿ ಮಾಲೀಕ ಬೇರೆ ಡ್ರೈವರನ್ನು ಇಟ್ಟುಕೊಂಡಿದ್ದು ಅವನಿಗೆ ಆಗಲೇ ಗೊತ್ತಾಗಿತ್ತು.

ಉಗುಳುತ್ತಾನೆ ಅಂದುಕೊಂಡೆ. ಮುಖ ಒಡ್ಡಿ ನಿಂತೆ.

ಲಕ್ಕಪ್ಪ ಮೇಲಿಂದ ಕೆಳಗೆ ಒಮ್ಮೆ ನೋಡಿದ.

"ಎಡಕಿನ ಮೂಲ್ಯಾಗ ಮಲಕ್ಕೊ," ಅಂದ. "ಬಲಕ್ಕ ಸೋರತೈತಿ."

ಬಲಕ್ಕೇ ಮಲಗಿದೆ... ಏಳು ತಿಂಗಳು!